ಪ್ಯಾರಿಷ್ ಕೌನ್ಸಿಲ್: ಊರ ಉಸಾಬರಿಗೊಂದು ಕಾನೂನು

ಇಂಗ್ಲೆಂಡಿನ ಸುದ್ದಿಯಲ್ಲಿ ‘ಪ್ಯಾರಿಷ್ ಕೌನ್ಸಿಲ್’ ಎಂಬ ಮಾತು ಕಂಡರೆ ನಮ್ಮ ಕೈ ತಾನಾಗಿ ‘ಗ್ರಾಮ ಪಂಚಾಯಿತಿ’ ಎಂದು ಬರೆದುಬಿಡುತ್ತದೆ. ಮಂಗಳೂರು ಕಡೆಯವರಿಗೆ ಬೇರೆಯದೇ ಹೊಳೆಯುತ್ತದೆ. ಅಲ್ಲಿ ಪ್ಯಾರಿಷ್ ಕೌನ್ಸಿಲ್ ಎಂದರೆ ಇಗರ್ಜಿಯ ಪಾಲನಾ ಮಂಡಳಿ. ಎರಡೂ ಅರ್ಥ ಅರ್ಧರ್ಧ ಸರಿ, ಹಾಗಾಗಿಯೇ ಎರಡೂ ದಾರಿ ತಪ್ಪಿಸುತ್ತವೆ.

ಮೊದಲು ಇಗರ್ಜಿಯ ನಂಟು. ಪ್ಯಾರಿಷ್ ಎಂದರೆ ಮೂಲದಲ್ಲಿ ಒಬ್ಬ ಪಾದ್ರಿಯ ವ್ಯಾಪ್ತಿಗೆ ಸೇರಿದ ಊರು. ಇಂಗ್ಲೆಂಡಿನಲ್ಲಿ ಊರಿನ ಹಿರಿಯರು ಚರ್ಚಿನ ‘ವೆಸ್ಟ್ರಿ’ಯಲ್ಲಿ, ಅಂದರೆ ಪಾದ್ರಿಯ ನಿಲುವಂಗಿ ಇಡುವ ಕೋಣೆಯಲ್ಲಿ ಸೇರಿ ವ್ಯವಹಾರ ಮಾತಾಡುತ್ತಿದ್ದರು. ಹಾಗಾಗಿ ಸಭೆಗೂ ವೆಸ್ಟ್ರಿ ಎಂಬ ಹೆಸರೇ ಬಂತು. ಬಡವರ ಪಾಲನೆ, ರಸ್ತೆ ರಿಪೇರಿ ಎಲ್ಲ ಅಲ್ಲೇ ತೀರ್ಮಾನವಾಗುತ್ತಿತ್ತು. 1894ರ ಸ್ಥಳೀಯ ಸರ್ಕಾರ ಕಾಯ್ದೆ ಈ ಗಂಟನ್ನು ಬಿಚ್ಚಿತು. ಪೂಜೆ ಪ್ರಾರ್ಥನೆ ಚರ್ಚಿಗೆ ಉಳಿಯಿತು, ಊರಿನ ಲೌಕಿಕ ಕೆಲಸ ಚುನಾಯಿತ ಕೌನ್ಸಿಲ್‌ಗೆ ಬಂತು. 300 ಅಥವಾ ಹೆಚ್ಚು ಜನಸಂಖ್ಯೆಯ ಹಳ್ಳಿಗಳಿಗೆಲ್ಲ ಕೌನ್ಸಿಲ್, ಅದೇ ವರ್ಷದ ಡಿಸೆಂಬರಿನಲ್ಲಿ ಮೊದಲ ಚುನಾವಣೆ. ಸಂಸತ್ತಿಗೆ ಹೆಂಗಸರು ಮತ ಹಾಕುವುದಕ್ಕೆ ಇನ್ನೂ 24 ವರ್ಷ ಬಾಕಿ ಇದ್ದಾಗಲೇ ಇಲ್ಲಿ ಅವರು, ಮದುವೆಯಾದವರೂ ಸೇರಿ, ಚುನಾವಣೆಗೆ ನಿಲ್ಲಬಹುದಿತ್ತು. ಹೆಸರಿನಲ್ಲಿ ಮಾತ್ರ ಪ್ಯಾರಿಷ್ ಹಾಗೇ ಉಳಿಯಿತು. ಇವತ್ತು ಆ ಕೌನ್ಸಿಲ್‌ನಲ್ಲಿ ಪಾದ್ರಿಗೆ ವಿಶೇಷ ಸ್ಥಾನವೇನೂ ಇಲ್ಲ.

ಇನ್ನು ಪಂಚಾಯಿತಿಯ ಹೋಲಿಕೆ. ನಮ್ಮಲ್ಲಿ ನಲ್ಲಿ ನೀರು ಬಾರದಿದ್ದರೆ, ಚರಂಡಿ ಕಟ್ಟಿಕೊಂಡರೆ, ಉದ್ಯೋಗ ಖಾತ್ರಿ ಕೂಲಿ ತಡವಾದರೆ ಪಂಚಾಯಿತಿ ಕಚೇರಿಗೆ ಹೋಗಿ ಜಗಳವಾಡುತ್ತೇವೆ. ಇಂಗ್ಲಿಷ್ ಹಳ್ಳಿಯವನು ಹಾಗೆ ಪ್ಯಾರಿಷ್ ಕೌನ್ಸಿಲ್‌ಗೆ ಹೋದರೆ ಬರಿಗೈಲಿ ಬರುತ್ತಾನೆ. ರಸ್ತೆಯ ಗುಂಡಿ ಮೇಲಿನ ಕೌಂಟಿ ಕೌನ್ಸಿಲ್‌ಗೆ ಸೇರಿದ್ದು, ಕಸದ ಬುಟ್ಟಿ ನಡುವಿನ ಡಿಸ್ಟ್ರಿಕ್ಟ್ ಕೌನ್ಸಿಲ್‌ನದು, ಕುಡಿಯುವ ನೀರು ಖಾಸಗಿ ಕಂಪನಿಯದು. ಎರಡು ಮೇಲಂತಸ್ತುಗಳನ್ನು ಒಂದೇ ಮಾಡಿದ ಜಿಲ್ಲೆಗಳೂ ಇವೆ. ಹೇಗಿದ್ದರೂ ಪ್ಯಾರಿಷ್ ಇರುವುದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ. ಅದರ ಪಾಲಿಗೆ ಬರುವುದು ಆಟದ ಬಯಲಿನ ಹುಲ್ಲು, ಬಸ್ ತಂಗುದಾಣ, ಸ್ಮಶಾನ, ಬೆಂಚು, ಕಾಲುದಾರಿಯ ದೀಪ, ಜೊತೆಗೆ ‘ಅಲಾಟ್‌ಮೆಂಟ್’ ಎಂಬ ತರಕಾರಿ ಬೆಳೆಯುವ ಬಾಡಿಗೆ ತುಂಡುಭೂಮಿ. ಬಿಟಿ ಕಂಪನಿ ತನ್ನ ಕೆಂಪು ಟೆಲಿಫೋನ್ ಗೂಡುಗಳನ್ನು ಒಂದು ಪೌಂಡಿಗೆ ಕೊಡುವ ಯೋಜನೆ ತಂದಾಗ ಎಷ್ಟೋ ಕೌನ್ಸಿಲ್‌ಗಳು ಕೊಂಡವು. ಒಂದು ಊರಿನಲ್ಲಿ ಆ ಗೂಡು ಪುಟ್ಟ ಗ್ರಂಥಾಲಯವಾದರೆ ಇನ್ನೊಂದರಲ್ಲಿ ಹೃದಯಾಘಾತಕ್ಕೆ ಬೇಕಾಗುವ ಡಿಫಿಬ್ರಿಲೇಟರ್ ಅಲ್ಲಿ ನೇತಾಡುತ್ತಿದೆ.

ದುಡ್ಡು ಎಲ್ಲಿಂದ? ಇಲ್ಲಿ ‘ಪ್ರಿಸೆಪ್ಟ್’ ಎಂಬ ಪದ ತಿಳಿದಿರಬೇಕು. ಪ್ಯಾರಿಷ್ ತಾನೇ ಕಂದಾಯ ವಸೂಲಿ ಮಾಡುವುದಿಲ್ಲ. ಬರುವ ವರ್ಷಕ್ಕೆ ಇಷ್ಟು ಬೇಕು ಎಂದು ಮೇಲಿನ ಕೌನ್ಸಿಲ್‌ಗೆ ಚೀಟಿ ಕಳಿಸುತ್ತದೆ, ಆ ಚೀಟಿಯೇ ಪ್ರಿಸೆಪ್ಟ್. ಅವರು ಅದನ್ನು ಮನೆತೆರಿಗೆಯ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಸೇರಿಸಿ, ವಸೂಲಿ ಮಾಡಿ ಕೊಡುತ್ತಾರೆ. ಊರಿನಲ್ಲಿ 600 ಮನೆ, ಬೇಕಾದದ್ದು 30,000 ಪೌಂಡ್ ಅಂದುಕೊಳ್ಳಿ. ಸರಾಸರಿ ಮನೆಗೆ ವರ್ಷಕ್ಕೆ 50 ಪೌಂಡ್. ಮೊತ್ತ ಸಣ್ಣದು, ಆದರೆ ಬಿಲ್ಲಿನಲ್ಲಿ ಎದ್ದು ಕಾಣುತ್ತದಲ್ಲ, ಬೈಗುಳ ಮಾತ್ರ ದೊಡ್ಡದೇ ಬೀಳುತ್ತದೆ.

ಸಭೆ ಹೇಗಿರುತ್ತದೆ ನೋಡೋಣ. ಸಂಜೆ ಏಳೂವರೆ, ಹಳ್ಳಿಯ ಸಾರ್ವಜನಿಕ ಹಾಲ್. ಮೇಜಿನ ಸುತ್ತ ಏಳು ಸದಸ್ಯರು, ಬಹುತೇಕ ಸಂಬಳವಿಲ್ಲದ ಸೇವೆ. ಹಿಂದೆ ಮಡಚುವ ಕುರ್ಚಿಯಲ್ಲಿ ಊರಿನ ಇಬ್ಬರು. ಕಾರ್ಯಸೂಚಿಯ ಮೊದಲ ಬಾಬತ್ತು ‘ಬಾರದವರ ಕ್ಷಮೆಯಾಚನೆ’. ಬರೀ ಶಿಷ್ಟಾಚಾರ ಅನ್ನಿಸುತ್ತದೆ, ಅಲ್ಲ. ಒಪ್ಪಿತ ಕಾರಣವಿಲ್ಲದೆ ಸತತ ಆರು ತಿಂಗಳು ಗೈರಾದರೆ ಸದಸ್ಯತ್ವವೇ ಹೋಗುತ್ತದೆ. ಆಮೇಲೆ ಯಾವ ವಿಷಯದಲ್ಲಿ ಯಾರಿಗೆ ಸ್ವಂತ ಹಿತಾಸಕ್ತಿ ಇದೆ ಎಂಬ ಘೋಷಣೆ. ನಂತರ ಹಿಂದಿನ ಸಭೆಯ ನಡವಳಿಗೆ ಅಧ್ಯಕ್ಷರ ರುಜು. ಅಲ್ಲಿಂದ ಮುಂದೆ ನಾಯಿ ಹೇಲು, ಓವರ್‌ಸ್ಪೀಡ್ ಕಾರು, ಬೇಲಿ ದಾಟಿ ಬೆಳೆದ ಪೊದೆ. ಯಾರದೋ ಮನೆಯ ಹೊಸ ಕೋಣೆಗೆ ಅನುಮತಿ ಅರ್ಜಿ ಬಂದಿದ್ದರೆ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಆ ಕಿಟಕಿಯಿಂದ ಪಕ್ಕದವರ ಹಿತ್ತಲು ಕಾಣುತ್ತದೆಯೇ ಎಂಬಲ್ಲಿಂದ ಚರ್ಚೆ ಶುರು. ತಮಾಷೆ ಎಂದರೆ ಅನುಮತಿ ಕೊಡುವ ಅಧಿಕಾರ ಇವರಿಗಿಲ್ಲ. ಅಭಿಪ್ರಾಯ ಬರೆದು ಕಳಿಸಬಹುದು, ಮೇಲಿನವರು ಅದನ್ನು ಒಪ್ಪಲೂಬಹುದು, ಬಿಡಲೂಬಹುದು.

ನಡವಳಿ ಓದುವವರಿಗೊಂದು ಕಿವಿಮಾತು: ‘ತೀರ್ಮಾನಿಸಲಾಯಿತು’ ಎಂದಿದ್ದರೆ ಏನೋ ಆಗಲಿದೆ. ‘ಗಮನಿಸಲಾಯಿತು’ ಎಂದಿದ್ದರೆ, ನಮ್ಮ ಕಚೇರಿಗಳ ‘ಪರಿಶೀಲಿಸಲಾಗುವುದು’ ನೆನಪಿಸಿಕೊಳ್ಳಿ.

ಮೇಜಿನ ತುದಿಯಲ್ಲಿ ಬರೆದುಕೊಳ್ಳುತ್ತಿರುವವರು ‘ಕ್ಲರ್ಕ್’. ಇವರನ್ನು ಗುಮಾಸ್ತ ಎಂದು ಅನುವಾದಿಸಿದರೆ ಕೆಟ್ಟಿತು. ಲೆಕ್ಕ, ಪತ್ರ, ಕಾನೂನು ಸಲಹೆ ಎಲ್ಲ ಇವರದೇ, ನಮ್ಮ ಪಿಡಿಒಗೆ ಹತ್ತಿರ. ಚಿಕ್ಕ ಊರುಗಳಲ್ಲಿ ಮಾತ್ರ ವಾರಕ್ಕೆ ಕೆಲವೇ ಗಂಟೆಯ ಕೆಲಸ, ಮನೆಯ ಊಟದ ಮೇಜೇ ಕಚೇರಿ. ಸಭೆಗೆ ಮೂರು ಪೂರ್ಣ ದಿನ ಮುಂಚೆ ನೋಟಿಸ್ ಅಂಟಿಸದಿದ್ದರೆ, ಅಜೆಂಡಾದಲ್ಲಿಲ್ಲದ ವಿಷಯಕ್ಕೆ ಠರಾವು ಮಾಡಹೊರಟರೆ, ತಡೆಯಬೇಕಾದವರೂ ಇವರೇ. ಒಂದು ಪೌಂಡ್ ಖರ್ಚು ಮಾಡಲೂ ಯಾವ ಕಾಯ್ದೆಯ ಯಾವ ಅಧಿಕಾರ ಎಂದು ತೋರಿಸಬೇಕಾದ ಸಂಸ್ಥೆ ಇದು. ಹೆಂಡ ಮಾರುವ ಜಾಗದಲ್ಲಿ, ಬೇರೆ ಕೋಣೆ ಸುಲಭ ದರಕ್ಕೆ ಸಿಗುವಾಗ, ಸಭೆ ಸೇರಕೂಡದೆಂದೂ 1972ರ ಸ್ಥಳೀಯ ಸರ್ಕಾರ ಕಾಯ್ದೆ ಹೇಳುತ್ತದೆ. ಪಬ್‌ಗಳ ನಾಡಿನಲ್ಲಿ ಈ ಎಚ್ಚರಿಕೆ ಬೇಕೇ ಬೇಕಿತ್ತೇನೋ. ಜನ ಸಭೆಯೊಳಗೆ ಕೂರುವ ಹಕ್ಕು ಗಟ್ಟಿಯಾದದ್ದು 1960ರ ಕಾಯ್ದೆಯಿಂದ. ಆ ಖಾಸಗಿ ಸದಸ್ಯರ ಮಸೂದೆ ತಂದವರು ಆಗಷ್ಟೇ ಸಂಸತ್ತಿಗೆ ಬಂದಿದ್ದ ಮಾರ್ಗರೆಟ್ ಥ್ಯಾಚರ್.

ಈ ಅಧಿಕಾರದ ಲೆಕ್ಕಾಚಾರ ಲೋಕಕ್ಕೆಲ್ಲ ಗೊತ್ತಾದದ್ದು 2021ರ ಫೆಬ್ರವರಿಯಲ್ಲಿ. ಚೆಷೈರಿನ ಹ್ಯಾಂಡ್‌ಫೋರ್ತ್ ಕೌನ್ಸಿಲ್ ಹಿಂದಿನ ಡಿಸೆಂಬರಿನಲ್ಲಿ ಜೂಮ್‌ನಲ್ಲಿ ನಡೆಸಿದ ಸಭೆಯ ವಿಡಿಯೊ ಹರಿದಾಡಿತು. ಸಭೆ ನಡೆಸಿಕೊಡಲು ಬಂದಿದ್ದ ಜಾಕಿ ವೀವರ್ ಅವರಿಗೆ ಅಧ್ಯಕ್ಷರು “ನಿಮಗಿಲ್ಲಿ ಅಧಿಕಾರವಿಲ್ಲ, ಜಾಕಿ ವೀವರ್” ಎಂದು ಗದರಿದರು, ಆಕೆ ಅಧ್ಯಕ್ಷರನ್ನೇ ಸಭೆಯಿಂದ ಹೊರಹಾಕಿದರು. ಜನ ಬಿದ್ದು ಬಿದ್ದು ನಕ್ಕರು. ಮರುವರ್ಷ ಬಂದ ತನಿಖಾ ವರದಿ, ಆಕೆಗೆ ಔಪಚಾರಿಕವಾಗಿ ಆ ಅಧಿಕಾರ ಇರಲಿಲ್ಲ ಎಂದೇ ಹೇಳಿತು.

ಹಾಗಾದರೆ ಕನ್ನಡದಲ್ಲಿ ಏನೆಂದು ಬರೆಯುವುದು? ‘ಪ್ಯಾರಿಷ್ ಕೌನ್ಸಿಲ್’ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ಇಂಗ್ಲೆಂಡಿನ ಹಳ್ಳಿಮಟ್ಟದ ಚುನಾಯಿತ ಮಂಡಳಿ’ ಎಂದು ಸೇರಿಸಿದರೆ ಸಾಕು ಅನ್ನಿಸುತ್ತದೆ. ‘ಪ್ಯಾರಿಷ್ ಮೀಟಿಂಗ್’ ಎಂಬುದಕ್ಕೆ ಮಾತ್ರ ನಮ್ಮಲ್ಲಿ ಸರಿಯಾದ ಪದ ಆಗಲೇ ಇದೆ. ಅದು ಕೌನ್ಸಿಲ್‌ನ ಸಭೆಯಲ್ಲ, ಮತದಾರರೆಲ್ಲ ಕೂರುವ ಸಭೆ. ಮಾರ್ಚ್ 1ರಿಂದ ಜೂನ್ 1ರ ಒಳಗೆ ವರ್ಷಕ್ಕೊಮ್ಮೆ ನಡೆಯಲೇಬೇಕು, ಸಂಜೆ ಆರಕ್ಕೆ ಮುಂಚೆ ಶುರುವಾಗುವಂತಿಲ್ಲ. ಅದನ್ನು ಗ್ರಾಮಸಭೆ ಎಂದು ಧಾರಾಳವಾಗಿ ಬರೆಯಬಹುದು.