ಸಾಲ ಮಾಡಿ ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ಓದಲು ಹೋಗಬಹುದೆ?

ಪ್ರಶ್ನೆ: ಬಿ.ಎ. ಮುಗಿಸಿ ಎರಡು ವರ್ಷದಿಂದ ಪಾವಗಡ ತಾಲ್ಲೂಕಿನಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಫೀಲ್ಡ್ ಕೆಲಸ ಮಾಡುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್ ಎಂ.ಎ. ಓದುವ ಆಸೆ. ತುಮಕೂರಿನ ಕನ್ಸಲ್ಟೆನ್ಸಿಯವರು ಸೀಟು ಗ್ಯಾರಂಟಿ, ಲೋನ್ ನಾವೇ ಮಾಡಿಸಿಕೊಡುತ್ತೇವೆ ಅನ್ನುತ್ತಾರೆ. ಜಮೀನು ಅಡ ಇಡಲು ಅಪ್ಪ ಒಪ್ಪುತ್ತಿಲ್ಲ. ಏನು ಮಾಡಲಿ?

ಉತ್ತರ: ಅಪ್ಪ ಹೇಳುವುದು ಸರಿ. ಓದುವ ಆಸೆ ಇಟ್ಟುಕೊಳ್ಳಿ, ಸಾಲದ ಯೋಚನೆ ಬಿಡಿ. ಶಿರಾ, ಮಧುಗಿರಿ ಕಡೆಯಿಂದಲೂ ಇದೇ ಪ್ರಶ್ನೆ ಮೇಲಿಂದ ಮೇಲೆ ಬರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಡತನ, ಅಭಿವೃದ್ಧಿ ಯೋಜನೆಗಳನ್ನು ಕುರಿತು ಓದುವ ಈ ಎಂ.ಎ. ಬ್ರಿಟನ್ನಿನಲ್ಲಿ ಒಂದೇ ವರ್ಷದ್ದು. ಹೆಸರಾದ ಕಡೆಗಳಲ್ಲಿ ಹೊರದೇಶದವರಿಗೆ ಫೀಸೇ 20 ಸಾವಿರ ಪೌಂಡು ದಾಟುತ್ತದೆ. ಊಟ, ಬಾಡಿಗೆ, ವೀಸಾ, ವಿಮಾನ ಎಲ್ಲ ಸೇರಿದರೆ 40 ಲಕ್ಷ ರೂಪಾಯಿಯ ಆಸುಪಾಸು. ಶೇ 11ರ ಬಡ್ಡಿಗೆ 40 ಲಕ್ಷ ತಂದು ಹತ್ತು ವರ್ಷದಲ್ಲಿ ತೀರಿಸುತ್ತೇನೆಂದರೆ ತಿಂಗಳ ಕಂತು 55 ಸಾವಿರ. ವಾಪಸ್ ಬಂದು ಸಂಸ್ಥೆಗೆ ಸೇರಿದರೆ ಶುರುವಿನಲ್ಲಿ ಅಷ್ಟು ಸಂಬಳವೇ ಹುಟ್ಟುವುದು ಕಷ್ಟ. ಕಂಪ್ಯೂಟರ್ ಓದಿದವರು ಸಾಲ ತೀರಿಸಿದ ಕಥೆ ಈ ಕೋರ್ಸಿಗೆ ಹೊಂದುವುದಿಲ್ಲ.

ಅಲ್ಲೇ ಉಳಿದು ದುಡಿದು ತೀರಿಸೋಣವೆಂದರೆ ಕಾಲ ಚೆನ್ನಾಗಿಲ್ಲ. ಈ ಓದಿನ ಕೆಲಸಗಳು ಬಹುಪಾಲು ನಿಂತಿರುವುದು ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡುವ ನೆರವಿನ ಮೇಲೆ. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ವಿದೇಶಿ ನೆರವಿಗೆ ಇಡುತ್ತಿತ್ತು. 2021ರಲ್ಲಿ ಅದನ್ನು 0.5ಕ್ಕೆ ಇಳಿಸಿತು, 2027ಕ್ಕೆ 0.3ಕ್ಕೆ ಇಳಿಸುವುದಾಗಿ ಘೋಷಿಸಿದೆ. ಅಮೆರಿಕದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ 2025ರಲ್ಲಿ ಬಾಗಿಲು ಹಾಕಿತು. ಅಲ್ಲಿ ಕೆಲಸ ಕಳೆದುಕೊಂಡ ಅನುಭವಿಗಳ ಜೊತೆಗೇ ನೀವು ಪೈಪೋಟಿ ಮಾಡಬೇಕು. ಓದಿದ ಮೇಲೆ ಉಳಿಯಲು ಸಿಗುತ್ತಿದ್ದ ಎರಡು ವರ್ಷದ ವೀಸಾ ಕೂಡ 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಕನ್ಸಲ್ಟೆನ್ಸಿಯವರು ಇದನ್ನೆಲ್ಲ ಹೇಳುವುದಿಲ್ಲ. ನೀವು ಸೇರಿದರೆ ಅವರಿಗೆ ವಿಶ್ವವಿದ್ಯಾಲಯದಿಂದ ಕಮಿಷನ್ ಬರುತ್ತದಲ್ಲ!

ಓದು ಮಾತ್ರ ನಿಜಕ್ಕೂ ಚೆನ್ನಾಗಿದೆ, ಅದರಲ್ಲೂ ಫೀಲ್ಡ್ ಕಂಡವರಿಗೆ. ನಿಮ್ಮ ತಾಲ್ಲೂಕಿನ ಸೋಲಾರ್ ಪಾರ್ಕನ್ನೇ ತೆಗೆದುಕೊಳ್ಳಿ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಕಡಲೆಕಾಯಿ ಹಾಕಿ, ಮಳೆ ಕೈಕೊಟ್ಟು, ಬಿತ್ತನೆ ಬೀಜದ ದುಡ್ಡೂ ಹುಟ್ಟದೆ ಕೂತವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಆ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ಕೀಳಲು, ಕಾಯಿ ಬಿಡಿಸಲು ಹೋಗುತ್ತಿದ್ದ ಹೆಂಗಸರ ಕೂಲಿ ನಿಂತಿತು, ಕುರಿ ಸಾಕಿದವರಿಗೆ ಮೇವಿನ ಜಾಗ ತಪ್ಪಿತು. ಯಾರಿಗೆ ಎಷ್ಟು ಲಾಭವಾಯಿತು, ಅದನ್ನು ಅಳೆಯುವುದು ಹೇಗೆ, ಗುತ್ತಿಗೆಯ ಷರತ್ತು ಬರೆಯುವಾಗ ಕೂಲಿಯವರನ್ನು ಯಾರಾದರೂ ಕೇಳಿದ್ದಾರೆಯೆ? ಕೋರ್ಸಿನ ತಿರುಳು ಇಂಥ ಪ್ರಶ್ನೆಗಳೇ.

ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು. ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಸಿ, ಮನೆಗೊಂದು ಹುಣಸೆ ಬೀಜ ಇಡಿಸಿ, ಊರಿನ ಸ್ಥಿತಿಗತಿಯನ್ನು ಊರಿನವರೇ ಗುರುತಿಸುವಂತೆ ಮಾಡುವ ಪಿಆರ್‌ಎ ನೀವೂ ಮಾಡಿಸಿರುತ್ತೀರಿ. ಅದನ್ನು ಜಗತ್ತಿಗೆಲ್ಲ ಹಬ್ಬಿಸಿದ ಬ್ರಿಟಿಷ್ ವಿದ್ವಾಂಸ ರಾಬರ್ಟ್ ಚೇಂಬರ್ಸ್ ಇದ್ದದ್ದು ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಆವರಣದ ಅಭಿವೃದ್ಧಿ ಅಧ್ಯಯನ ಕೇಂದ್ರವಾದ ಐಡಿಎಸ್‌ನಲ್ಲಿ, 1966ರಲ್ಲಿ ಶುರುವಾದ ಸಂಸ್ಥೆ. ಆ ವಿಧಾನ 1990ರ ಆಸುಪಾಸಿನಲ್ಲಿ ಪಳಗಿದ್ದರಲ್ಲಿ ನಮ್ಮ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳ ಪಾಲು ದೊಡ್ಡದು.

ಹಾಗಾದರೆ ಹೋಗುವ ದಾರಿ? ಸ್ಕಾಲರ್‌ಶಿಪ್. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ಪೂರ್ತಿ ಖರ್ಚು ನೋಡಿಕೊಳ್ಳುತ್ತದೆ. ಅದಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ನಿಮಗೆ ಹೆಚ್ಚುಕಡಿಮೆ ಆಗಿದೆ. ಓದಿದ ಮೇಲೆ ಎರಡು ವರ್ಷ ಭಾರತದಲ್ಲಿರಬೇಕು. ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಕುಟುಂಬದ ಆದಾಯ 8 ಲಕ್ಷ ಮೀರಿರಬಾರದು. ಒಂದು ಎಚ್ಚರಿಕೆ: ಭಾರತದ ಸಂಸ್ಕೃತಿ, ಇತಿಹಾಸ, ಭಾರತದ ಸಮಾಜವನ್ನೇ ಕುರಿತ ಅಧ್ಯಯನಕ್ಕೆ ಹಣ ಕೊಡುವುದಿಲ್ಲ ಎಂಬ ಷರತ್ತು 2022ರಲ್ಲಿ ಅದಕ್ಕೆ ಸೇರಿತು. ನನಗಂತೂ ತಲೆಬುಡವಿಲ್ಲದ ಷರತ್ತು ಅನ್ನಿಸುತ್ತದೆ, ಆದರೂ ಆ ವರ್ಷದ ಮಾರ್ಗಸೂಚಿ ಓದಿಕೊಂಡೇ ಅರ್ಜಿ ತುಂಬಿ. ಪರಿಶಿಷ್ಟರಿಗೆ ರಾಜ್ಯದ ಪ್ರಬುದ್ಧ ಯೋಜನೆಯೂ ಇದೆ, ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಈ ಕೋರ್ಸ್ ಏಕೆ ಬೇಕೆಂದು ಅರ್ಜಿಯ ಜೊತೆ ಬರೆದುಕೊಡುವ ಉದ್ದೇಶ ಪತ್ರವನ್ನು ಕನ್ಸಲ್ಟೆನ್ಸಿಯವರ ಕೈಲಿ ಬರೆಸಬೇಡಿ. ‘ಚಿಕ್ಕಂದಿನಿಂದ ಸಮಾಜಸೇವೆಯ ತುಡಿತ’ ಎಂದು ಶುರುವಾಗುವ ಪತ್ರಗಳನ್ನು ಅರ್ಜಿ ನೋಡುವವರು ರಾಶಿ ರಾಶಿ ಓದಿರುತ್ತಾರೆ. ನೀವು ಮಾಡಿಸಿದ ಒಂದು ಸರ್ವೆ, ಅದರಲ್ಲಿ ಬಗೆಹರಿಯದೆ ಉಳಿದ ಒಂದು ಸಂಗತಿ ಬರೆಯಿರಿ, ಸಾಕು.

ಸ್ಕಾಲರ್‌ಶಿಪ್ ಬರದಿದ್ದರೆ ಇಲ್ಲೇ ಓದಿ. ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಡೆವಲಪ್‌ಮೆಂಟ್ ಎಂ.ಎ. ಇದೆ, ಮನೆಯ ಆದಾಯ ನೋಡಿ ಫೀಸಿನಲ್ಲಿ ನೆರವು ಕೊಡುತ್ತಾರೆ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಇಲ್ಲಿ ಓದುತ್ತಲೇ ಚೀವ್ನಿಂಗ್‌ಗೆ ಮತ್ತೊಮ್ಮೆ ಅರ್ಜಿ ಹಾಕುವುದಕ್ಕೆ ಅಡ್ಡಿಯೇನಿಲ್ಲ.