ಫೋನು ಬಂಗುಡೆ ಬೇಡ ಅನ್ನುತ್ತೆ, ಅತ್ತೆ ಬಡಿಸ್ತಾರೆ. ಯಾರ ಮಾತು ಕೇಳಲಿ?

ಪ್ರಶ್ನೆ: ನನಗೀಗ ಐದು ತಿಂಗಳು. ಮನೆ ಕಾಪು ಹತ್ತಿರ, ಗಂಡ ದುಬೈಯಲ್ಲಿ. ಡಾಕ್ಟರ್ ಹತ್ತಿರ ಎಲ್ಲ ಕೇಳುವಷ್ಟು ಹೊತ್ತು ಸಿಗುವುದಿಲ್ಲ. ಹಾಗಾಗಿ ಸಂಶಯ ಬಂದಾಗೆಲ್ಲ ಫೋನಿನ ಎಐಯನ್ನು ಕೇಳುತ್ತೇನೆ. ಮೊನ್ನೆ ಅದು ಬಂಗುಡೆ ತಿನ್ನಬೇಡಿ, ಪಾದರಸ ಇರುತ್ತದೆ ಅಂತು. ಅವತ್ತೇ ಅತ್ತೆ ಬಂಗುಡೆ ಪುಳಿಮುಂಚಿ ಮಾಡಿದ್ದರು. ಬಸುರಿಯರು ಎಐಯನ್ನು ಎಷ್ಟು ನಂಬಬಹುದು?

ಉತ್ತರ: ಮೊದಲು ಮೀನಿನ ವಿಷಯ ಮುಗಿಸೋಣ. ಗೆದ್ದದ್ದು ಅತ್ತೆ.

ಬಸುರಿಯರು ತಿನ್ನಬಾರದ ಮೀನುಗಳು ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಒಂದು ಪಟ್ಟಿ ಮಾಡಿದೆ. ಶಾರ್ಕ್, ಕತ್ತಿಮೀನಿನ ಜೊತೆ ಅದರಲ್ಲಿ 'ಕಿಂಗ್ ಮ್ಯಾಕರೆಲ್' ಕೂಡ ಇದೆ. ಅದು ದೊಡ್ಡ ಮೀನು, ನಮ್ಮ ಅಂಜಲಿನ ಸಂಬಂಧಿ. ಬಂಗುಡೆಗೂ ಇಂಗ್ಲಿಷಿನಲ್ಲಿ ಮ್ಯಾಕರೆಲ್ ಅಂತಲೇ ಹೆಸರು. ಎಡವಟ್ಟಾದದ್ದು ಬಹುಶಃ ಅಲ್ಲೇ. ಸಣ್ಣ ಮೀನನ್ನು ದೊಡ್ಡದು ತಿನ್ನುತ್ತದೆ, ಅದನ್ನು ಇನ್ನೂ ದೊಡ್ಡದು. ಹಾಗೆ ತಿಂದು ತಿಂದು ತುಂಬಾ ವರ್ಷ ಬದುಕುವ ಮೀನಿನ ಮೈಯಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಬಂಗುಡೆ, ಬೂತಾಯಿ ಕಡಲಿನ ಸಣ್ಣ ಸಣ್ಣ ಜೀವಿಗಳನ್ನು ತಿಂದು ಬದುಕುವವು. ಅವುಗಳಲ್ಲಿ ಪಾದರಸ ಕಡಿಮೆ. ಪಾದರಸ ಕಡಿಮೆ ಇರುವ ಮೀನನ್ನು ಬಸುರಿಯರು ವಾರಕ್ಕೆ ಎರಡು ಮೂರು ಸಲ, ಒಟ್ಟು 225ರಿಂದ 340 ಗ್ರಾಂ ತಿನ್ನಿ ಅಂತ ಅದೇ ಅಮೆರಿಕದ ಇಲಾಖೆ ಹೇಳುತ್ತದೆ. ಮಗುವಿನ ಮಿದುಳು ಬೆಳೆಯಲು ಅದು ಒಳ್ಳೆಯದು. ಅಂಜಲ್ ಮಾತ್ರ ಡಾಕ್ಟರನ್ನು ಕೇಳದೆ ಬೇಡ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ಬಿಪಿ ಇದ್ದರೆ ಅದರ ಆಸೆ ಬಿಟ್ಟುಬಿಡಿ.

ನಿಮ್ಮ ಪ್ರಶ್ನೆ ಓದಿ ನಾನೂ ಎಐಯನ್ನು ಕೇಳಿ ನೋಡಿದೆ. ಕನ್ನಡದಲ್ಲಿ ಕೇಳಿದಾಗ ನಿಮಗೆ ಬಂದ ಉತ್ತರವೇ ಬಂತು. 'ಇಂಡಿಯನ್ ಮ್ಯಾಕರೆಲ್, ಗೇಣುದ್ದದ ಮೀನು' ಅಂತ ಬಿಡಿಸಿ ಕೇಳಿದೆ. ಕೂಡಲೇ ತಿನ್ನಬಹುದು ಅಂತು. ತಪ್ಪಾಯ್ತು ಕ್ಷಮಿಸಿ ಅಂತ ಬೇರೆ! ಎರಡು ಸಲವೂ ಒಂಚೂರು ಅನುಮಾನ ಇಲ್ಲದ ದನಿ, ಮಾರಾಯ್ರೆ. ಅದೇನು ಮಲ್ಪೆ ದಕ್ಕೆಗೆ ಬಂದು ಮೀನು ನೋಡಿದ್ದಲ್ಲವಲ್ಲ. ಇಂಟರ್ನೆಟ್ಟಿನಲ್ಲಿ ಜನ ಬರೆದಿಟ್ಟದ್ದನ್ನು ಓದಿ ಕಲಿತದ್ದು. ಅದರಲ್ಲಿ ಬಹುಪಾಲು ಇಂಗ್ಲಿಷ್. ಕನ್ನಡ ಸ್ವಲ್ಪ, ತುಳು ಇನ್ನೂ ಸ್ವಲ್ಪ.

ಯಾರ ಲೆಕ್ಕ ಯಾರಿಗೆ ಅನ್ನುವ ಈ ತೊಂದರೆ ಡಾಕ್ಟರುಗಳಿಗೂ ಇದೆ. ಸ್ಕ್ಯಾನಿನಲ್ಲಿ ಮಗುವಿನ ತಲೆ, ಹೊಟ್ಟೆ, ತೊಡೆ ಮೂಳೆ ಅಳೆದು ಎಷ್ಟು ವಾರ ಅಂತ ಹೇಳುತ್ತಾರಲ್ವಾ? ಅದಕ್ಕೆ ಹೆಚ್ಚಾಗಿ ಬಳಸುವ ಹ್ಯಾಡ್‌ಲಾಕ್ ಸೂತ್ರ ಅಮೆರಿಕದ ಬಸುರಿಯರ ಹೊಟ್ಟೆಯ ಮಕ್ಕಳನ್ನು ಅಳೆದು ಮಾಡಿದ್ದು. ನಮ್ಮ ಮಕ್ಕಳಿಗೆ ಅದು ಸರಿಯಾಗಿ ಹೊಂದುವುದಿಲ್ಲ ಅಂತ ಮದ್ರಾಸ್ ಐಐಟಿ ಮತ್ತು ಫರೀದಾಬಾದಿನ ಟಿಎಚ್ಎಸ್‌ಟಿಐ ಅನ್ನುವ ಆರೋಗ್ಯ ಸಂಶೋಧನಾ ಸಂಸ್ಥೆಯವರು 2024ರಲ್ಲಿ 'ಗರ್ಭಿಣಿ-ಜಿಎ2' ಅನ್ನುವ ಎಐ ಲೆಕ್ಕ ತಂದರು. ಗುರುಗ್ರಾಮದ ಸರ್ಕಾರಿ ಆಸ್ಪತ್ರೆಗೆ ಬಂದ ಬಸುರಿಯರ ಸ್ಕ್ಯಾನ್‌ಗಳಿಂದ ಕಲಿತದ್ದು ಅದು. ಎಐ ಅಂದರೆ ಬರೀ ಚಾಟ್ ಮಾಡುವ ಆ್ಯಪ್ ಅಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಹಾಗಾದರೆ ಫೋನನ್ನು ಮುಚ್ಚಿಡಬೇಕಾ? ಬೇಡ. ಡಾಕ್ಟರು ಬರೆದದ್ದನ್ನು ಅರ್ಥ ಮಾಡಿಕೊಳ್ಳಲು ಅದು ನಿಜಕ್ಕೂ ಒಳ್ಳೆಯದು. ಐದನೇ ತಿಂಗಳ ಸ್ಕ್ಯಾನ್ ಆಗಿರಬೇಕು ಅಲ್ವಾ? ರಿಪೋರ್ಟಿನಲ್ಲಿ 'ಪ್ಲಾಸೆಂಟಾ ಆ್ಯಂಟೀರಿಯರ್' ಅಂತ ಇದ್ದರೆ ಕಾಯಿಲೆಯ ಹೆಸರೇನೋ ಅಂತ ಹೆದರಿಕೆಯಾಗುತ್ತದೆ. ಮಾಸು ಗರ್ಭಕೋಶದ ಮುಂದಿನ ಗೋಡೆಗೆ ಅಂಟಿದೆ ಅಂತ ಅರ್ಥ, ಅಷ್ಟೇ. ಮಧ್ಯೆ ಮೆತ್ತೆ ಇಟ್ಟ ಹಾಗೆ, ಮಗುವಿನ ಒದೆತ ಸ್ವಲ್ಪ ತಡವಾಗಿ ಗೊತ್ತಾಗಬಹುದು. 'ಬ್ರೀಚ್' ಅಂತ ಇದ್ದರೆ ಮಗುವಿನ ತಲೆ ಮೇಲಿದೆ ಅಂತ. ಐದನೇ ತಿಂಗಳಲ್ಲಿ ಅದಕ್ಕೆ ಬೆಲೆಯೇ ಇಲ್ಲ, ಹೆಚ್ಚಿನ ಮಕ್ಕಳು ಆಮೇಲೆ ತಾವೇ ತಿರುಗುತ್ತವೆ. ಇಂಥದ್ದನ್ನೆಲ್ಲ ಎಐ ಕನ್ನಡದಲ್ಲೇ ಚೆನ್ನಾಗಿ ಬಿಡಿಸಿ ಹೇಳುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬಾರದು, ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಚಾ ಕುಡಿಯಬಾರದು. ನಿಮ್ಮ ಗಂಜಿ, ಚಾ, ಊಟದ ಹೊತ್ತು ಹೇಳಿದರೆ ಯಾವುದು ಯಾವಾಗ ಅಂತ ಹೊಂದಿಸಿಯೂ ಕೊಡುತ್ತದೆ. ರಿಪೋರ್ಟಿನ ಫೋಟೊ ಹಾಕುವ ಮೊದಲು ಹೆಸರು, ಫೋನ್ ನಂಬರ್ ಇರುವ ಜಾಗಕ್ಕೆ ಬೆರಳು ಅಡ್ಡ ಇಡಿ. ಗಂಡೋ ಹೆಣ್ಣೋ ಅಂತ ತಮಾಷೆಗೂ ಕೇಳಬೇಡಿ. ಭ್ರೂಣದ ಲಿಂಗ ಪತ್ತೆ 1994ರ ಕಾನೂನಿನ ಪ್ರಕಾರ ಅಪರಾಧ.

ನನಗೆ ನಿಜವಾಗಿ ಹೆದರಿಕೆ ಇರುವುದು ಬೇರೆ ಕಡೆ. ಆಟಿಯ ಮಳೆ, ರಾತ್ರಿ ಎರಡು ಗಂಟೆ, ಕರೆಂಟಿಲ್ಲ ಅಂತ ಇಟ್ಟುಕೊಳ್ಳಿ. ಎಂಟನೇ ತಿಂಗಳಲ್ಲಿ ಒಬ್ಬಾಕೆಗೆ ತಲೆ ಸಿಡಿಯುತ್ತಿದೆ. ಆಕೆ ಫೋನಿನಲ್ಲಿ ಬರೆಯುತ್ತಾಳೆ: "ತಲೆನೋವು, ನಿದ್ದೆ ಕಮ್ಮಿಯಾದದ್ದಕ್ಕೆ ಅಲ್ವಾ?" ಉತ್ತರ ಪ್ರಶ್ನೆಯಲ್ಲೇ ಇದೆ. ಈ ಆ್ಯಪ್‌ಗಳಿಗೆ ನಾವು ಹೇಳಿದ್ದಕ್ಕೆ ಹೌದು ಅನ್ನುವ ಚಾಳಿ ಇದೆ. ಹೌದು, ನೀರು ಕುಡಿದು ಮಲಗಿ ಅಂದುಬಿಡಬಹುದು. ನರ್ಸ್ ಆಗಿದ್ದರೆ ಮಾತಾಡುತ್ತಲೇ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದರು. ಕಣ್ಣು ಮಂಜಾಗುತ್ತಿದೆಯಾ, ಮುಖ ಊದಿದೆಯಾ ಅಂತ ನೋಡುತ್ತಿದ್ದರು. 20 ವಾರ ಕಳೆದ ಮೇಲೆ ಬಿಪಿ 140/90 ಮುಟ್ಟಿದರೆ ಆ ತಲೆನೋವನ್ನು ನಿದ್ದೆಯ ಲೆಕ್ಕಕ್ಕೆ ಬರೆಯುವ ಹಾಗಿಲ್ಲ. ಬಿಟ್ಟರೆ ಫಿಟ್ಸ್ ಬರುವವರೆಗೂ ಹೋಗಬಹುದು. ನೀವು ಹೇಳದ್ದು ಫೋನಿಗೆ ಗೊತ್ತಿಲ್ಲ, ನಿಮಗೇ ಗೊತ್ತಿಲ್ಲದ ಬಿಪಿಯನ್ನು ಹೇಳುವುದು ಹೇಗೆ?

ಆದ್ದರಿಂದ ಆಸ್ಪತ್ರೆಗೆ ಹೋಗಬೇಕಾ ಬೇಡವಾ ಅನ್ನುವುದನ್ನು ಮಾತ್ರ ಎಐ ಹತ್ತಿರ ಕೇಳಲೇಬೇಡಿ. ರಕ್ತ ಕಂಡರೆ, ಗರ್ಭದ ನೀರು ಹೋದರೆ, ಜೋರು ತಲೆನೋವು, ಕಣ್ಣು ಮಂಜು, ಮುಖ ಕೈ ಊತ, ಮೇಲ್ಹೊಟ್ಟೆ ನೋವು ಬಂದರೆ, ಆಡುತ್ತಿದ್ದ ಮಗು ಸುಮ್ಮನಾದರೆ ಬರೆಯುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಗಾಡಿ ಇಲ್ಲದಿದ್ದರೆ 108.

ಗಂಡ ದೂರ ಇದ್ದಾರೆ ಅಂತ ಬರೆದಿದ್ದೀರಿ. ರಾತ್ರಿ ಬೇಜಾರಾದಾಗ ಎಐ ಜೊತೆ ನಾಲ್ಕು ಮಾತಾಡಿದರೆ ತಪ್ಪೇನಿಲ್ಲ. ಆದರೆ ಎರಡು ವಾರವಾದರೂ ಅಳು, ಬೇಸರ ಹೋಗದಿದ್ದರೆ ಡಾಕ್ಟರಿಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಡಾಕ್ಟರ್ ಹತ್ತಿರ ಹೊತ್ತು ಸಿಗದ ಮಾತು. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೇ ತಾರೀಕು ಬಸುರಿಯರಿಗೇ ಅಂತ ಉಚಿತ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಹಿಂದಿನ ರಾತ್ರಿ ನಿಮ್ಮ ಸಂಶಯಗಳನ್ನೆಲ್ಲ ಎಐಗೆ ಸುರಿದು, ಇದರಲ್ಲಿ ಮುಖ್ಯವಾದ ಮೂರು ಪ್ರಶ್ನೆ ಮಾಡಿಕೊಡು ಅನ್ನಿ. ಅದನ್ನು ಕೈಯಲ್ಲೇ ಚೀಟಿಯಲ್ಲಿ ಬರೆದು ತಾಯಿ ಕಾರ್ಡಿನ ಒಳಗಿಡಿ. ಫೋನು ತೋರಿಸಿದರೆ ಕೆಲವು ಡಾಕ್ಟರಿಗೆ ಸಿಟ್ಟು ಬರುತ್ತದೆ, ಚೀಟಿಗೆ ಬರುವುದಿಲ್ಲ. ಅಂಜಲಿನ ವಿಷಯವನ್ನೂ ಅದರಲ್ಲೇ ಸೇರಿಸಿ.