ನಿಂತಲ್ಲಿ ನಿಲ್ಲದ ಕಾವಲು: ಸಂಚಾರಿ ರೇಡಾರ್‌ಗಳು ಯುದ್ಧದ ನಡುವೆ ಬಂದ ಬಗೆ

2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದ ನಂತರ ಆಂಧ್ರ–ಕರ್ನಾಟಕ ಗಡಿಯ ಮಡಕಶಿರಾ, ರೊಳ್ಳ, ಅಮರಾಪುರ, ಅಗಳಿ ಕಡೆಯ ಚಹಾ ಅಂಗಡಿಗಳಲ್ಲೂ ರೇಡಾರ್ ಮಾತಿನ ವಸ್ತುವಾಗಿದೆ. ಪಾಕಿಸ್ತಾನದ ಹಲವು ಕಡೆಗಳಲ್ಲಿ ವಾಯುರಕ್ಷಣಾ ರೇಡಾರ್‌ಗಳನ್ನು ಗುರಿಯಾಗಿಸಿ ದಾಳಿ ನಡೆಸಲಾಗಿದೆ, ಲಾಹೋರಿನ ವಾಯುರಕ್ಷಣಾ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಲಾಗಿದೆ ಎಂದು ಮೇ 8ರಂದು ಭಾರತ ಸರ್ಕಾರ ಹೇಳಿದ ಮೇಲೆ, ಕ್ಷಿಪಣಿ ಯಾವುದು, ಅದನ್ನು ಹಾರಿಸುವ ವಾಹನ ಯಾವುದು, ಆಕಾಶವನ್ನು ನೋಡುವ ಯಂತ್ರ ಯಾವುದು ಎಂಬುದೆಲ್ಲ ಒಂದರೊಳಗೊಂದು ಕಲಸಿಹೋಗಿದೆ. ನಮ್ಮ ಗಡಿಭಾಗಕ್ಕೆ ಈ ವಿಷಯ ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಪಕ್ಕ, ನಮ್ಮದೇ ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಸಮುದ್ರದಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸಂಸ್ಥೆಯ ರಕ್ಷಣಾ ವ್ಯವಸ್ಥೆಗಳ ಜೋಡಣಾ ಸಂಕೀರ್ಣಕ್ಕೆ ಜಾಗ ಗೊತ್ತಾಗಿ ವರ್ಷಗಳೇ ಕಳೆದಿವೆ.

ರೇಡಾರ್ ಮಾಡುವ ಕೆಲಸವನ್ನು ಸರಳವಾಗಿಯೇ ಹೇಳಬಹುದು. ಅದು ರೇಡಿಯೊ ಅಲೆಗಳನ್ನು ಕಳುಹಿಸಿ, ವಿಮಾನಕ್ಕೆ ತಾಗಿ ಹಿಂದಿರುಗುವ ಅತಿ ಕ್ಷೀಣ ಅಲೆಯನ್ನು ಹಿಡಿದು, ಹೋಗಿ ಬರಲು ತಗಲಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. 150 ಕಿಲೋಮೀಟರ್ ದೂರದ ವಿಮಾನಕ್ಕೆ ತಾಗಿದ ಅಲೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮರಳಿರುತ್ತದೆ. ತೊಡಕಿರುವುದು ಭೂಮಿಯ ಆಕಾರದಲ್ಲಿ. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ, ರೊಳ್ಳ ಬಳಿಯ ರತ್ನಗಿರಿ ಬೆಟ್ಟದ ಈಚೆ ನಿಲ್ಲಿಸಿದ ರೇಡಾರಿಗೆ ಬೆಟ್ಟದ ಆಚೆ ತಗ್ಗಿನಲ್ಲಿ ಹಾರುವುದು ಕಾಣದು. ಬೆಟ್ಟವೇ ಇಲ್ಲದ ಬಯಲಿನಲ್ಲೂ ಭೂಮಿಯ ಬಾಗು ಅಡ್ಡ ಬರುತ್ತದೆ. ನೆಲದಿಂದ 10 ಮೀಟರ್ ಎತ್ತರದಲ್ಲಿರುವ ಆಂಟೆನಾಕ್ಕೆ 10,000 ಮೀಟರ್ ಎತ್ತರದ ವಿಮಾನ ಸುಮಾರು 425 ಕಿಲೋಮೀಟರ್ ದೂರದಿಂದಲೇ ದೃಷ್ಟಿರೇಖೆಗೆ ಬರಬಹುದು. ಅದೇ ವಿಮಾನ 30 ಮೀಟರಿಗೆ ಇಳಿದು ಬಂದರೆ ಈ ದೂರ ಸುಮಾರು 35 ಕಿಲೋಮೀಟರಿಗೆ, ಅಂದರೆ ಹೆಚ್ಚುಕಡಿಮೆ ಮಡಕಶಿರಾದಿಂದ ಹಿಂದೂಪುರದಷ್ಟಕ್ಕೆ, ಕುಗ್ಗುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಆ ದೂರ ಕ್ರಮಿಸಲು ಎರಡೂವರೆ ನಿಮಿಷ ಕೂಡ ಬೇಡ. ಯಂತ್ರದ ಶಕ್ತಿಯನ್ನು ಎಷ್ಟೇ ಹೆಚ್ಚಿಸಿದರೂ ಈ ಮಿತಿ ದಾಟುವುದಿಲ್ಲ. ತಗ್ಗಿನಲ್ಲಿ ಬರುವುದನ್ನು ನೋಡಬೇಕಾದರೆ ಸಣ್ಣ ರೇಡಾರ್‌ಗಳು ಹಲವು ಇರಬೇಕು, ಬೇಕಾದ ಕಡೆಗೆ ಅವನ್ನು ಒಯ್ಯುವಂತಿರಬೇಕು. ಸಂಚಾರಿ ರೇಡಾರಿನ ಇತಿಹಾಸವೆಲ್ಲ ಈ ಅಗತ್ಯದ ಸುತ್ತಲೇ ಬೆಳೆದಿದೆ.

1935ರಲ್ಲಿ ಬ್ರಿಟನ್ನಿನ ಡ್ಯಾವೆಂಟ್ರಿ ಬಳಿ ನಡೆದ ರೇಡಾರ್ ಪ್ರಯೋಗದಿಂದ ಐದೇ ವರ್ಷಗಳಲ್ಲಿ ಆ ದೇಶದ ಕರಾವಳಿಯುದ್ದಕ್ಕೂ ನೂರು ಮೀಟರ್ ಮೀರಿದ ಗೋಪುರಗಳು ಎದ್ದು, 1940ರ ವಾಯುಯುದ್ಧದಲ್ಲಿ ಲಂಡನ್ನನ್ನು ಕಾಯುವಷ್ಟು ಬೆಳೆದಿದ್ದವು. ಅವು ನೆಲಕ್ಕೆ ನಾಟಿದ ಗೋಪುರಗಳು. ಲಾರಿಗಳ ಮೇಲೆ ಸಾಗಿಸಬಲ್ಲ ಅಮೆರಿಕದ ಎಸ್‌ಸಿಆರ್-270 ರೇಡಾರ್ 1941ರ ಡಿಸೆಂಬರ್ 7ರ ಬೆಳಿಗ್ಗೆ ಹವಾಯಿಯ ಓಪಾನಾ ಎಂಬಲ್ಲಿ ಕೆಲಸ ಮಾಡುತ್ತಿತ್ತು. ಏಳು ಗಂಟೆಗೆ ಯಂತ್ರ ನಿಲ್ಲಿಸಬೇಕಿದ್ದ ಇಬ್ಬರು ಸೈನಿಕರು ಅಭ್ಯಾಸಕ್ಕೆಂದು ಇನ್ನಷ್ಟು ಹೊತ್ತು ಚಾಲೂ ಇಟ್ಟರು. ಏಳು ಗಂಟೆ ದಾಟುತ್ತಿದ್ದಂತೆ ಪರದೆಯ ಮೇಲೆ ಅವರು ಹಿಂದೆಂದೂ ಕಾಣದಷ್ಟು ದೊಡ್ಡ ಗುರುತು ಮೂಡಿತು. ದೂರ 200 ಕಿಲೋಮೀಟರಿಗೂ ಹೆಚ್ಚು. ಅವರು ಫೋನ್ ಮಾಡಿ ತಿಳಿಸಿದರೂ, ಅಂದು ಬರಬೇಕಿದ್ದ ತಮ್ಮದೇ ಬಾಂಬರ್ ವಿಮಾನಗಳಿರಬಹುದೆಂದು ಆ ಕಡೆಯವರು ಎಣಿಸಿದರು. ಸುಮಾರು 50 ನಿಮಿಷಗಳ ನಂತರ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನಿನ ಬಾಂಬುಗಳು ಬಿದ್ದವು. ರೇಡಾರ್ ತನ್ನ ಪಾಲಿನ ಕೆಲಸವನ್ನು ಪೂರ್ತಿ ಮಾಡಿತ್ತು. ಅದು ಕೊಟ್ಟ ಸುದ್ದಿಯನ್ನು ತೂಗಿ ನೋಡಿ ಮುಂದಕ್ಕೆ ಮುಟ್ಟಿಸುವ ವ್ಯವಸ್ಥೆ ಇನ್ನೂ ಪಳಗಿರಲಿಲ್ಲ.

ನಂತರದ ದಶಕಗಳಲ್ಲಿ ರೇಡಾರ್ ತಾನೇ ಬೇಟೆಯಾಯಿತು. ಅಲೆ ಬಿಡುವ ಯಂತ್ರ ತಾನಿರುವ ಜಾಗವನ್ನೂ ಸಾರುತ್ತದೆ. ಆ ಅಲೆಯ ಜಾಡು ಹಿಡಿದು ಬಂದು ಬಡಿಯುವ ಕ್ಷಿಪಣಿಗಳು ವಿಯೆಟ್ನಾಂ ಯುದ್ಧದಲ್ಲಿ ಬಂದವು. 1965ರಲ್ಲಿ ನಮ್ಮ ಅಮೃತಸರದ ರೇಡಾರ್ ಕೇಂದ್ರದ ಮೇಲೆ ಪಾಕಿಸ್ತಾನದ ವಾಯುಪಡೆ ಮತ್ತೆ ಮತ್ತೆ ದಾಳಿ ಮಾಡಿತು. 1969ರ ಡಿಸೆಂಬರಿನಲ್ಲಿ ಇಸ್ರೇಲಿ ಪಡೆಗಳು ಈಜಿಪ್ಟಿನ ಕರಾವಳಿಯಿಂದ ಸೋವಿಯತ್ ನಿರ್ಮಿತ ಪಿ-12 ರೇಡಾರನ್ನೇ ಹೆಲಿಕಾಪ್ಟರ್‌ಗಳಿಗೆ ತೂಗುಹಾಕಿಕೊಂಡು ಒಯ್ದವು. 1982ರಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿ ಸಿರಿಯಾದ ಕ್ಷಿಪಣಿ ನೆಲೆಗಳೂ ಅವುಗಳ ರೇಡಾರ್‌ಗಳೂ ಇಸ್ರೇಲಿನ ದಾಳಿಗೆ ಕೆಲವೇ ಗಂಟೆಗಳಲ್ಲಿ ನಾಶವಾದವು. ಅವುಗಳಲ್ಲಿ ಸಾಗಬಲ್ಲ ವಾಹನಗಳಿಗೆ ಕೊರತೆಯಿರಲಿಲ್ಲ, ಆದರೆ ಅವು ನಿಂತಲ್ಲೇ ನಿಂತಿದ್ದವು.

ಈ ಪಾಠವನ್ನು ಆಚರಣೆಗೆ ತಂದವರ ಪೈಕಿ 1999ರ ಸೆರ್ಬಿಯಾದ ಒಂದು ತುಕಡಿ ಎದ್ದು ಕಾಣುತ್ತದೆ. ಅವರ ಬಳಿ ಇದ್ದದ್ದು ಆ ಹೊತ್ತಿಗೆ ಹಳತಾಗಿದ್ದ ಪಿ-18 ರೇಡಾರ್ ಮತ್ತು ಎಸ್-125 ಕ್ಷಿಪಣಿ. ಕ್ಷಿಪಣಿಗೆ ಗುರಿ ತೋರುವ ರೇಡಾರನ್ನು ಒಮ್ಮೆಗೆ 20 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಚ್ಚಬಾರದು, ಕ್ಷಿಪಣಿ ಹಾರಿದರೂ ಹಾರದಿದ್ದರೂ ಕೂಡಲೇ ಕೇಬಲ್ ಸುತ್ತಿ ಜಾಗ ಖಾಲಿ ಮಾಡಬೇಕು ಎಂಬುದು ಅವರ ಕಟ್ಟುನಿಟ್ಟು. ಆಂಟೆನಾ ಮಡಚುವುದು, ಲಾರಿಗೆ ಏರಿಸುವುದು, ಹೊಸ ಜಾಗದಲ್ಲಿ ಮಟ್ಟ ನೋಡಿ ಮತ್ತೆ ನಿಲ್ಲಿಸುವುದು ಇವನ್ನೆಲ್ಲ ಕತ್ತಲಲ್ಲೂ ತಡವರಿಸದೆ ಮಾಡುವಷ್ಟು ಅವರು ಪಳಗಿದ್ದರು. ಮಾರ್ಚ್ 27ರ ರಾತ್ರಿ, ರೇಡಾರಿಗೆ ಸುಲಭವಾಗಿ ಸಿಗದಂತೆ ರೂಪಿಸಿದ ಅಮೆರಿಕದ ಎಫ್-117 ವಿಮಾನವನ್ನು ಇದೇ ತುಕಡಿ ಹೊಡೆದುರುಳಿಸಿತು. ಪಿ-18ರ ಮೀಟರ್ ಉದ್ದದ ಅಲೆಗಳ ಎದುರು ಆ ವಿಮಾನದ ಆಕಾರದ ಜಾಣತನ ಅಷ್ಟಾಗಿ ನಡೆಯುವುದಿಲ್ಲ ಎಂಬುದು ಒಂದು ಕಾರಣ. ದಿನವೂ ಜಾಗ ಬದಲಿಸಿ ಬದುಕಿ ಉಳಿದದ್ದು ಅದಕ್ಕಿಂತ ದೊಡ್ಡ ಕಾರಣ. ರೇಡಾರಿನ ವ್ಯಾಪ್ತಿ ಎಷ್ಟು ಕಿಲೋಮೀಟರ್ ಎಂದು ಕೇಳುವವರು ಬಹಳ ಮಂದಿ. ಮಡಚಿ ಹೊರಡಲು ಎಷ್ಟು ನಿಮಿಷ ಬೇಕು ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ.

ಭಾರತದಲ್ಲಿ ಈ ಕಥೆಯ ಹೆಚ್ಚಿನ ಭಾಗ ನಡೆದದ್ದು ನಮ್ಮಿಂದ ಕೆಲವು ಗಂಟೆಗಳ ಬಸ್ ಪ್ರಯಾಣದ ದೂರದಲ್ಲಿ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಬಿಇಎಲ್ ಸ್ಥಾಪನೆಯಾಯಿತು. ರೇಡಾರ್ ಸಂಶೋಧನೆಯ ಎಲ್‌ಆರ್‌ಡಿಇ ಪ್ರಯೋಗಾಲಯವೂ ಬೆಂಗಳೂರಿನದೇ. ಬಹುಕಾಲ ವಾಯುಪಡೆಯ ಕಾವಲು ಹೆಚ್ಚಾಗಿ ಸೋವಿಯತ್ ಮತ್ತು ಫ್ರೆಂಚ್ ರೇಡಾರ್‌ಗಳ ಮೇಲೆ ನಿಂತಿತ್ತು. ತಗ್ಗಿನಲ್ಲಿ ಬರುವ ವಿಮಾನಗಳಿಗೆಂದೇ ಎಲ್‌ಆರ್‌ಡಿಇ ರೂಪಿಸಿದ ‘ಇಂದ್ರ’ ಎರಡು ವಾಹನಗಳ ಮೇಲೆ ಸಾಗುತ್ತಿತ್ತು. ದೂರ ಮತ್ತು ದಿಕ್ಕನ್ನು ಹೇಳುತ್ತಿದ್ದರೂ ಎತ್ತರವನ್ನು ಹೇಳುತ್ತಿರಲಿಲ್ಲ. 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿದೇಶಿ ವಿಮಾನವೊಂದು ಶಸ್ತ್ರಾಸ್ತ್ರಗಳನ್ನು ಉದುರಿಸಿ ಹೋದಾಗ, ಆಕಾಶದಲ್ಲಿ ನಮ್ಮ ಕಣ್ಣು ಬೀಳದ ಜಾಗಗಳು ಎಷ್ಟಿವೆ ಎಂಬುದು ಇಡೀ ದೇಶದ ಪ್ರಶ್ನೆಯಾಯಿತು. ಎತ್ತರವನ್ನೂ ಅಳೆಯುವ ‘ರೋಹಿಣಿ’ ವಾಯುಪಡೆಗೆ ಸೇರಲಾರಂಭಿಸಿದ್ದು 2008ರಲ್ಲಿ. ನಂತರ ಬೆಟ್ಟಗುಡ್ಡಗಳಿಗೆ ಕಳಚಿ ಒಯ್ಯಬಲ್ಲ ‘ಭರಣಿ’, ‘ಆಶ್ಲೇಷಾ’ ಬಂದವು. ಆಂಟೆನಾ ತಿರುಗಲಿ ತಿರುಗದಿರಲಿ ಅಲೆಯ ದಿಕ್ಕನ್ನು ವಿದ್ಯುನ್ಮಾನದಿಂದಲೇ ಬದಲಿಸುವ ‘ಅರುಧ್ರಾ’ ರೇಡಾರ್‌ಗಳಿಗೆ 2023ರ ಮಾರ್ಚಿನಲ್ಲಿ 2,800 ಕೋಟಿ ರೂಪಾಯಿ ಮೀರಿದ ಒಪ್ಪಂದವಾಯಿತು. ತಗ್ಗಿನ ಹಾರಾಟ ಹಿಡಿಯುವ ‘ಅಶ್ವಿನಿ’ಗೆ 2025ರ ಮಾರ್ಚಿನಲ್ಲಿ 2,906 ಕೋಟಿಯ ಒಪ್ಪಂದಕ್ಕೆ ಸಹಿ ಬಿತ್ತು. ವೇಗದ ಯುದ್ಧವಿಮಾನದಿಂದ ನಿಧಾನದ ಡ್ರೋನ್‌ವರೆಗೆ ಎಲ್ಲವನ್ನೂ ಗುರುತಿಸಬೇಕೆಂಬುದು ಅದರ ಮೇಲಿರುವ ಹೊಣೆ. ಒಂದೊಂದು ಹೆಜ್ಜೆಯ ನಡುವೆಯೂ ಇಷ್ಟು ವರ್ಷಗಳು ಸರಿದಿರುವುದು ಆತಂಕದ ಸಂಗತಿಯೇ, ಏಕೆಂದರೆ ದಾಳಿ ಮಾಡುವ ಸಾಧನಗಳು ಅಷ್ಟು ಕಾಲ ಕಾಯುವುದಿಲ್ಲ.

ಉಕ್ರೇನ್ ಯುದ್ಧ ಅದನ್ನು ತೋರಿಸಿಕೊಟ್ಟಿದೆ. ಕೋಟಿಗಟ್ಟಲೆ ಬೆಲೆಯ ರೇಡಾರ್‌ಗಳು ಅವುಗಳ ಬೆಲೆಯ ಸಣ್ಣ ಪಾಲಿನ ಡ್ರೋನ್‌ಗಳಿಗೆ ಸುಟ್ಟುಹೋಗಿವೆ. ಹಕ್ಕಿಯ ಗಾತ್ರದ ಡ್ರೋನ್ ಹಿಂದಿರುಗಿಸುವ ಅಲೆ ಬಹಳ ಕ್ಷೀಣ. ಅದರ ವೇಗವೂ ಕಡಿಮೆಯಾದ್ದರಿಂದ ಹಕ್ಕಿಗಳ ನಡುವಿನಿಂದ ಅದನ್ನು ಬೇರ್ಪಡಿಸುವುದು ಕಷ್ಟ. ತಗ್ಗಿನಲ್ಲಿ ಬರುವ ದೊಡ್ಡ ದಾಳಿ ಡ್ರೋನ್‌ಗಳೂ ರೇಡಾರಿನಿಂದ ತಪ್ಪಿಸಿಕೊಳ್ಳುವುದರಿಂದ ಉಕ್ರೇನ್ ಕಂಬಗಳ ಮೇಲೆ ಸಾವಿರಾರು ಮೈಕ್ರೋಫೋನ್‌ಗಳನ್ನು ಕಟ್ಟಿ, ಇಂಜಿನ್ನಿನ ಸದ್ದಿನಿಂದಲೇ ಡ್ರೋನ್ ಹಿಡಿಯುವ ಜಾಲ ಮಾಡಿಕೊಂಡಿದೆ. ತಾವು ಅಲೆ ಬಿಡದೆ ಬೇರೆಯವರ ಅಲೆಗಳನ್ನು ಆಲಿಸುವ ಉಪಕರಣಗಳೂ ರೇಡಾರಿನ ಪಕ್ಕಕ್ಕೆ ಬರುತ್ತಿವೆ. ವಿಮಾನದ ಬೆನ್ನ ಮೇಲೇರಿದ ರೇಡಾರ್ ಎತ್ತರದಿಂದ ಬಹುದೂರ ನೋಡಬಲ್ಲದಾದರೂ ದಿನವಿಡೀ ಎಲ್ಲ ಗಡಿಗಳ ಮೇಲೂ ಹಾರುತ್ತಿರಲಾರದು. ಆದ್ದರಿಂದ ಲಾರಿಯ ಮೇಲಿನ ರೇಡಾರಿಗೆ ಬಿಡುವು ಸಿಗುವ ಲಕ್ಷಣವಿಲ್ಲ.

ಪಾಲಸಮುದ್ರದಲ್ಲಿ ಸಂಕೀರ್ಣ ಎದ್ದು ನಿಂತಾಗ ಅಲ್ಲಿ ಬೇಕಾಗುವುದು ಎಂಜಿನಿಯರುಗಳಷ್ಟೇ ಅಲ್ಲ. ಆಂಟೆನಾ ಎತ್ತುವ ಹೈಡ್ರಾಲಿಕ್ಸ್, ಜನರೇಟರ್, ಕೇಬಲ್ ಜೋಡಣೆ, ತಂಪುಗೊಳಿಸುವ ಯಂತ್ರಗಳು, ಭಾರಿ ವಾಹನಗಳ ದುರಸ್ತಿ ಇವು ತಿಳಿದ ಕೈಗಳೂ ಬೇಕು. ಮಡಕಶಿರಾ, ಹಿಂದೂಪುರ ಸೀಮೆಯಲ್ಲಿ ಐಟಿಐ, ಡಿಪ್ಲೊಮಾ ಓದುತ್ತಿರುವ ನಮ್ಮ ಮಕ್ಕಳಿಗೆ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಕಲಿತು ಮುಂದೆ ತೆಲುಗು, ಇಂಗ್ಲಿಷ್‌ಗಳ ನಡುವೆ ದಾರಿ ಹುಡುಕುವವರಿಗೆ, ಈ ಕೆಲಸಗಳ ತರಬೇತಿ ಕಾರ್ಖಾನೆಯ ಗೇಟು ತೆರೆಯುವ ಮೊದಲೇ ಇಲ್ಲಿ ಸಿಗುವಂತಾಗಬೇಕು.